ಗೊರಕೆಗೆ ಮನೆಮಂದಿಯೇ ಸಾಕ್ಷಿ

ಗೊರಕೆ ಹೊಡೆಯುವವರಿಗೆ ತಮ್ಮ ಗೊರಕೆ ಕೇಳಿಸುವುದಿಲ್ಲ. ಕೇಳಿಸಿಕೊಳ್ಳುವವರು ಮನೆಮಂದಿ. ಕುಂಭಕರ್ಣನ ಹೆಸರೆತ್ತಿ ನಕ್ಕು ಸುಮ್ಮನಾಗುವುದು ನಮ್ಮ ಅಭ್ಯಾಸ. ಆದರೆ ಜೋರಾಗಿ ನಡೆಯುತ್ತಿದ್ದ ಗೊರಕೆ ಥಟ್ಟನೆ ನಿಂತು, ಒಂದಷ್ಟು ಹೊತ್ತು ಸದ್ದಿಲ್ಲದೆ, ಆಮೇಲೆ ಏದುಸಿರಿನೊಂದಿಗೆ ಮತ್ತೆ ಶುರುವಾದರೆ ಅದು ನಗುವ ವಿಷಯವಲ್ಲ. ಸದ್ದಡಗಿದ ಆ ಹೊತ್ತಿನಲ್ಲಿ ಉಸಿರೇ ನಿಂತಿರಬಹುದು.

ವೈದ್ಯರು ಇದಕ್ಕೆ ಸ್ಲೀಪ್ ಆಪ್ನಿಯಾ ಎನ್ನುತ್ತಾರೆ. ನಿದ್ದೆ ಹತ್ತಿದಾಗ ಗಂಟಲಿನ ಸ್ನಾಯುಗಳು ಸಡಿಲಗೊಂಡು ಗಾಳಿಯ ದಾರಿ ಮುಚ್ಚಿಕೊಳ್ಳುತ್ತದೆ. ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ. ಮಿದುಳು ಅರೆಕ್ಷಣ ಎಚ್ಚರಗೊಳ್ಳುತ್ತದೆ, ಉಸಿರು ಮರಳುತ್ತದೆ, ಮತ್ತೆ ನಿದ್ದೆ. ಬೆಳಿಗ್ಗೆ ಎದ್ದವರಿಗೆ ಇದ್ಯಾವುದೂ ನೆನಪಿರುವುದಿಲ್ಲ. ಎಂಟು ಗಂಟೆ ಮಲಗಿದ್ದರೂ ಹಗಲೆಲ್ಲ ತೂಕಡಿಕೆ. ಇಂಥವರಿಗೆ ರಕ್ತದೊತ್ತಡ, ಹೃದ್ರೋಗ, ಪಾರ್ಶ್ವವಾಯುವಿನ ಅಪಾಯ ಹೆಚ್ಚು. ಬಸ್ಸು, ಲಾರಿ ಓಡಿಸುವವರಾದರೆ ರಸ್ತೆಯಲ್ಲಿರುವ ಎಲ್ಲರಿಗೂ ಅಪಾಯ.

ಇದಕ್ಕೆ ಚಿಕಿತ್ಸೆ ಇದೆ. ಮೂಗಿನ ಮೂಲಕ ಹದವಾದ ಒತ್ತಡದಲ್ಲಿ ಗಾಳಿ ಊದಿ ಗಂಟಲು ಮುಚ್ಚದಂತೆ ತಡೆಯುವ ವಿಧಾನವನ್ನು ಆಸ್ಟ್ರೇಲಿಯಾದ ಕಾಲಿನ್ ಸಲಿವನ್ 1981ರಲ್ಲೇ ಪ್ರಕಟಿಸಿದರು. ತೊಡಕು ಇರುವುದು ಚಿಕಿತ್ಸೆಗೆ ಮುಂಚಿನ ಪರೀಕ್ಷೆಯಲ್ಲಿ.

ಪೂರ್ಣ ಪರೀಕ್ಷೆಯ ಹೆಸರು ಪಾಲಿಸೋಮ್ನೋಗ್ರಫಿ. ರೋಗಿ ಒಂದು ರಾತ್ರಿ ಪ್ರಯೋಗಾಲಯದಲ್ಲಿ ಮಲಗಬೇಕು. ತಲೆ, ಕಣ್ಣಂಚು, ಗಲ್ಲ, ಎದೆಗೆಲ್ಲ ತಂತಿ ಅಂಟಿಸಿ ಮಿದುಳಿನ ಅಲೆ, ಹೃದಯದ ಬಡಿತ, ಉಸಿರು, ಆಮ್ಲಜನಕ ಎಲ್ಲವನ್ನೂ ದಾಖಲಿಸುತ್ತಾರೆ. ಕನಿಷ್ಠ 10 ಸೆಕೆಂಡು ಉಸಿರು ನಿಂತದ್ದು ಅಥವಾ ತೀರಾ ಕುಗ್ಗಿದ್ದು ಗಂಟೆಗೆ ಎಷ್ಟು ಸಲ ಎಂದು ಎಣಿಸುತ್ತಾರೆ. 5ಕ್ಕಿಂತ ಕಡಿಮೆಯಾದರೆ ಸಹಜ. 15 ದಾಟಿದರೆ ಮಧ್ಯಮ, 30 ದಾಟಿದರೆ ತೀವ್ರ. 30 ಎಂದರೆ ಎರಡು ನಿಮಿಷಕ್ಕೊಮ್ಮೆ ಉಸಿರು ತಪ್ಪಿದಂತೆ!

ಈಗ ವಿದ್ಯಾರ್ಥಿಗಳಿಗೊಂದು ಲೆಕ್ಕ. ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯ ತಜ್ಞರು 2023ರಲ್ಲಿ ಪ್ರಕಟಿಸಿದ ಅಂದಾಜಿನಂತೆ ಭಾರತದಲ್ಲಿ ಸುಮಾರು 10 ಕೋಟಿ 40 ಲಕ್ಷ ವಯಸ್ಕರಿಗೆ ಈ ತೊಂದರೆ ಇದೆ. ಪ್ರಯೋಗಾಲಯದ ಒಂದು ಹಾಸಿಗೆಯಲ್ಲಿ ರಾತ್ರಿಗೆ ಒಬ್ಬರಂತೆ ವರ್ಷಕ್ಕೆ 365 ಜನ. ಇವರೆಲ್ಲರ ಪರೀಕ್ಷೆ ಒಂದೇ ವರ್ಷದಲ್ಲಿ ಮುಗಿಯಬೇಕಾದರೆ ಸುಮಾರು 2 ಲಕ್ಷ 85 ಸಾವಿರ ಹಾಸಿಗೆ ಬೇಕು! ಇರುವ ಪ್ರಯೋಗಾಲಯಗಳು ಬಹುಪಾಲು ದೊಡ್ಡ ನಗರಗಳಲ್ಲಿವೆ. ತಾಲ್ಲೂಕಿನ ಮೇಷ್ಟರೊಬ್ಬರು ಬೆಂಗಳೂರಿಗೆ ಬಂದು ಒಂದು ರಾತ್ರಿ ಮಲಗಿ ಹೋಗಬೇಕೆಂದರೆ ಬಸ್ ಚಾರ್ಜು, ರಜೆ, ಜೊತೆಗೊಬ್ಬರು, ಮೇಲೆ ಪರೀಕ್ಷೆಯ ಶುಲ್ಕ. 'ಗೊರಕೆಗೆ ಇಷ್ಟೆಲ್ಲ ಖರ್ಚೇ?' ಎಂದು ಕೈಬಿಡುವವರೇ ಹೆಚ್ಚು.

ಇದಕ್ಕೊಂದು ಪರಿಹಾರ, ಮನೆಯಲ್ಲೇ ಮಾಡಬಹುದಾದ ಪರೀಕ್ಷೆ. ಎದೆಗೊಂದು ಪಟ್ಟಿ, ಮೂಗಿಗೊಂದು ಸಣ್ಣ ಕೊಳವೆ, ಬೆರಳಿಗೆ ಆಕ್ಸಿಮೀಟರು. ಉಪಕರಣವನ್ನು ಮನೆಗೊಯ್ದು ಮಲಗಿ, ಬೆಳಿಗ್ಗೆ ಮರಳಿಸಿದರಾಯಿತು. ಅಮೆರಿಕದ ಸರ್ಕಾರಿ ಆರೋಗ್ಯ ವಿಮೆ 2008ರಲ್ಲೇ ಇದನ್ನು ಒಪ್ಪಿತು. ಆದರೆ ಇದು ಮಿದುಳಿನ ಅಲೆಗಳನ್ನು ಅಳೆಯುವುದಿಲ್ಲವಾದ್ದರಿಂದ ರೋಗಿ ನಿಜಕ್ಕೂ ಎಷ್ಟು ಹೊತ್ತು ನಿದ್ದೆ ಮಾಡಿದರೆಂದು ಖಚಿತವಾಗಿ ಹೇಳಲಾರದು. ತೊಂದರೆಯ ತೀವ್ರತೆ ಕಡಿಮೆ ಎನಿಸಬಹುದು. ಲಕ್ಷಣಗಳು ಬಲವಾಗಿದ್ದೂ ಫಲಿತಾಂಶ 'ಸಹಜ' ಎಂದು ಬಂದರೆ ಪೂರ್ಣ ಪರೀಕ್ಷೆ ಮಾಡಿಸಲೇಬೇಕು. ಮಕ್ಕಳಿಗೆ, ಗಂಭೀರ ಹೃದಯ ಅಥವಾ ಶ್ವಾಸಕೋಶದ ಕಾಯಿಲೆ ಇರುವವರಿಗೆ ಇದು ಸಲ್ಲದು. ಕೋವಿಡ್ ಕಾಲದಲ್ಲಿ ಕೊಂಡ ಆಕ್ಸಿಮೀಟರನ್ನು ಹಗಲು ಹೊತ್ತು ಬೆರಳಿಗೆ ಸಿಕ್ಕಿಸಿ ನೋಡುವುದು ಖಂಡಿತ ಈ ಪರೀಕ್ಷೆಯಲ್ಲ.

ಪ್ರತಿ ಜಿಲ್ಲಾಸ್ಪತ್ರೆಯಲ್ಲೂ ಇಂಥ ಹತ್ತು ಉಪಕರಣಗಳನ್ನಿಟ್ಟು, ದಾಖಲೆಯನ್ನು ನಗರದ ತಜ್ಞರು ಓದಿ ಹೇಳುವ ವ್ಯವಸ್ಥೆ ಮಾಡಿದರೆ ದಿನಕ್ಕೆ ಹತ್ತು ಮನೆಗಳ ಅಲೆದಾಟ ತಪ್ಪುತ್ತದೆ. ಹಾಸಿಗೆ ಬೇಡ, ಕಟ್ಟಡವೂ ಬೇಡ.

ಅಲ್ಲಿಯವರೆಗೆ ಮನೆಯಲ್ಲಿ ಮಾಡಬಹುದಾದದ್ದೂ ಇದೆ. ಜೋರು ಗೊರಕೆ, ಹಗಲಿನ ಆಯಾಸ, ಇತರರು ಕಂಡ ಉಸಿರುತಡೆ, ರಕ್ತದೊತ್ತಡ, ಅತಿಯಾದ ತೂಕ, 50 ದಾಟಿದ ವಯಸ್ಸು, 40 ಸೆಂಟಿಮೀಟರಿಗಿಂತ ದಪ್ಪ ಕತ್ತು, ಪುರುಷರಾಗಿರುವುದು – ಈ ಎಂಟರಲ್ಲಿ ಮೂರು ಹೌದಾದರೆ ವೈದ್ಯರನ್ನು ಕಾಣಬೇಕು. ಅಮ್ಮಂದಿರ ವಿಷಯದಲ್ಲಿ ಈ ಪಟ್ಟಿಯನ್ನೇ ಪೂರ್ತಿ ನಂಬಬೇಡಿ. ಹೆಂಗಸರಲ್ಲಿ ಗೊರಕೆಗಿಂತ ಸುಸ್ತು, ಬೆಳಗಿನ ತಲೆನೋವು, ನಿದ್ದೆ ಬಾರದಿರುವುದೇ ಎದ್ದು ಕಾಣಬಹುದು. 'ಮನೆಗೆಲಸದ ದಣಿವು' ಎಂದು ತಳ್ಳಿಹಾಕುವುದು ಸುಲಭ.

ಮಕ್ಕಳೇ, ಪರೀಕ್ಷೆಗೆಂದು ರಾತ್ರಿ ಓದುತ್ತ ಕುಳಿತಾಗ ಪಕ್ಕದ ಕೋಣೆಯ ಗೊರಕೆ ನಿಂತರೆ ಗಡಿಯಾರ ನೋಡಿ. ಹತ್ತು ಸೆಕೆಂಡು ದಾಟುತ್ತಿದೆಯೇ? ಪದೇಪದೇ ಹೀಗಾಗುತ್ತಿದೆಯೇ? ಬೆಳಿಗ್ಗೆ ಅಪ್ಪ ಅಮ್ಮನಿಗೆ ಹೇಳಿ. ಅವರು ಒಪ್ಪಿದರೆ ಮಾರನೆಯ ರಾತ್ರಿ ಮೊಬೈಲಿನಲ್ಲಿ ಎರಡು ನಿಮಿಷ ಚಿತ್ರೀಕರಿಸಿ ವೈದ್ಯರಿಗೆ ತೋರಿಸಿ. ರೋಗಿ ತಾನಾಗಿ ಹೇಳಲಾರದ್ದನ್ನು ನೀವು ಹೇಳಬಲ್ಲಿರಿ.