ಹಾಸಿಗೆ ಅಂಗಡಿಗೆ ಮುನ್ನ ಪಿಂಜಾರನ ಲೆಕ್ಕ

ದುಬಾರಿ ಹಾಸಿಗೆ, ಚಾದರಗಳನ್ನು ಆನ್‌ಲೈನ್‌ನಲ್ಲಿ ಮಾರುವ ಅಂಗಡಿ ತೆರೆಯಲು ನಮ್ಮ ಯುವಕರು ಮುಂದಾಗುತ್ತಿದ್ದಾರೆ. ಸಂತೋಷ. ವ್ಯಾಪಾರ ಹಲಾಲ್. ಆದರೆ ಅಳತೆಯಲ್ಲಿ ವಂಚಿಸುವವರಿಗೆ ಕುರ್‌ಆನ್‌ನ 83ನೇ ಅಧ್ಯಾಯ ನೀಡಿದ ಎಚ್ಚರಿಕೆ ತಕ್ಕಡಿಗಷ್ಟೇ ಸೀಮಿತವೇ?

ಚದರ ಅಂಗುಲದಲ್ಲಿರುವ ಉದ್ದ, ಅಡ್ಡ ಎಳೆಗಳ ಮೊತ್ತವೇ ‘ಥ್ರೆಡ್ ಕೌಂಟ್’. ಎರಡೆಳೆ ಹೊಸೆದ ಒಂದು ನೂಲನ್ನು ಎರಡೆಂದು ಎಣಿಸಿ, 300ನ್ನು 600 ಎಂದು ಮಾರುವುದು ಈ ವ್ಯಾಪಾರದ ಹಳೆಯ ಚಾಳಿ. ‘ಈಜಿಪ್ಟ್ ಹತ್ತಿ’ ಎಂದು ಮಾರಿದ ಚಾದರಗಳಲ್ಲಿ ಬೇರೆ ಹತ್ತಿ ಇತ್ತೆಂದು ಅಮೆರಿಕದ ಟಾರ್ಗೆಟ್ ಕಂಪೆನಿ 2016ರಲ್ಲಿ ನಮ್ಮ ದೇಶದ ವೆಲ್‌ಸ್ಪನ್ ಜೊತೆಗಿನ ವ್ಯವಹಾರವನ್ನೇ ಕಡಿದುಕೊಂಡಿತು. ಹೆಸರೊಂದು, ಹತ್ತಿಯೊಂದು. ಇದು ಕಲಬೆರಕೆಯಲ್ಲವೇ?

ಇನ್ನೊಂದು ಮಾತು. ತಲೆಮಾರುಗಳಿಂದ ಬಿಲ್ಲು ಹೆಗಲಿಗೇರಿಸಿ, ಹತ್ತಿಯ ಧೂಳು ನುಂಗಿ, ಊರಿನ ಎಲ್ಲ ಜಾತಿಯವರ ಹಾಸಿಗೆ ತುಂಬಿದವರು ಪಿಂಜಾರರು, ನದಾಫರು. ಫೋಮ್ ಹಾಸಿಗೆ ಅವರ ಕಸುಬನ್ನು ಕಸಿಯಿತು. ಅವರನ್ನು ಕೀಳಾಗಿ ಕಂಡವರಲ್ಲಿ ನಾವೂ ಇದ್ದೇವೆ. ಈಗ ‘ಕೈಯಿಂದ ಮಾಡಿದ್ದು’ ಎಂಬ ಚೀಟಿ ಅಂಟಿಸಿ ದುಬಾರಿ ಬೆಲೆ ಕೇಳುವಾಗ, ಆ ಕೈಗೆ ಸಲ್ಲುವ ಪಾಲೆಷ್ಟು? ಚೀಟಿಯ ಮೇಲೆ ನಿಜವಾದ ಎಣಿಕೆ ಬರೆಯಿರಿ. ದುಡಿದವನಿಗೆ ನ್ಯಾಯವಾದ ಕೂಲಿ ಕೊಡಿ, ಅವನ ಹೆಸರನ್ನೂ ಹಾಕಿ.

ಪ್ರವಾದಿಯವರ(ಸ) ಹಾಸಿಗೆ ಖರ್ಜೂರದ ನಾರು ತುಂಬಿದ ತೊಗಲಿನದಾಗಿತ್ತು. ಮೆತ್ತನೆಯ ಹಾಸಿಗೆ ಹರಾಮಲ್ಲ. ಅದಕ್ಕೆ ಸುಳ್ಳು ತುಂಬಿ ಮಾರುವುದು ಹರಾಮ್.