ಗೋಡೆ ಸೇರಿದ ಸಿಮೆಂಟು, ಕೈಸೇರದ ದುಡ್ಡು

ಸಿಮೆಂಟು ಒಣಗಿ ಗಟ್ಟಿಯಾಗುತ್ತದೆ ಎಂದು ಬರೆಯುವ ವಿದ್ಯಾರ್ಥಿಗಳೇ ಹೆಚ್ಚು. ಅದು ತಪ್ಪು. ಅದರಲ್ಲಿರುವ ಕ್ಯಾಲ್ಸಿಯಂ ಸಿಲಿಕೇಟುಗಳು ನೀರಿನೊಡನೆ ವರ್ತಿಸಿ ಬೇರೆಯೇ ವಸ್ತುವಾಗುತ್ತವೆ. ಸಾಧಾರಣ ಸಿಮೆಂಟು 30 ನಿಮಿಷಕ್ಕೆ ಮುಂಚೆ ಬಿಗಿಯತೊಡಗಬಾರದು, 10 ಗಂಟೆಯೊಳಗೆ ಪೂರ್ತಿ ಬಿಗಿದಿರಬೇಕು ಎನ್ನುತ್ತದೆ ಭಾರತೀಯ ಮಾನಕ. ಆಮೇಲೆ ಗೋಡೆಯನ್ನು ಕೆಡವಬಹುದೇ ಹೊರತು ಸಿಮೆಂಟನ್ನು ಮರಳಿ ಮೂಟೆಗೆ ತುಂಬುವಂತಿಲ್ಲ.

ಉದ್ರಿ ಕೊಟ್ಟ ಅಂಗಡಿಯವರ ಫಜೀತಿ ಇರುವುದೂ ಇಲ್ಲಿಯೇ. 1930ರ ಸರಕು ಮಾರಾಟ ಕಾಯಿದೆಯ ಪ್ರಕಾರ, ಹಣ ಬಾರದಿದ್ದರೆ ಸರಕನ್ನು ತಡೆಹಿಡಿಯುವ ಹಕ್ಕು ಮಾರಿದವರಿಗುಂಟು. ಅದೂ ಸರಕು ತಮ್ಮ ವಶದಲ್ಲಿರುವ ತನಕ. ಲಾರಿ ಸೈಟಿನಲ್ಲಿ ಇಳಿಸಿ ಹೊರಟಿತೆಂದರೆ ಆ ಹಕ್ಕು ಮುಗಿಯಿತು. ಉಳಿಯುವುದು ಬೆಲೆಗಾಗಿ ಸಿವಿಲ್ ದಾವೆ.

ದಾವೆಗೂ ಗಡುವಿದೆ. ಇಂತಿಷ್ಟು ದಿನದ ವಾಯಿದೆ ಎಂದು ಮಾತಾಗಿರದಿದ್ದರೆ, ಸರಕು ಒಪ್ಪಿಸಿದ ದಿನದಿಂದ 3 ವರ್ಷ. ಅಷ್ಟರೊಳಗೆ ಸಾಲಗಾರರು ಬಾಕಿಯನ್ನು ಒಪ್ಪಿ ಬರೆದು ಸಹಿ ಮಾಡಿದರೆ ಎಣಿಕೆ ಹೊಸದಾಗಿ ಶುರುವಾಗುತ್ತದೆ. ‘ಹಬ್ಬ ಕಳೀಲಿ ಸ್ವಾಮಿ, ಕೊಡೋಣ’ ಎಂಬ ಬಾಯಿಮಾತಿಗೆ ಆ ಶಕ್ತಿಯಿಲ್ಲ. ಹಬ್ಬಗಳು ವರ್ಷವಿಡೀ ಬರುತ್ತಲೇ ಇರುತ್ತವೆ!

ಇಟ್ಟಿಗೆ, ಹಾಲೋಬ್ಲಾಕ್ ತಯಾರಿಸುವ ಸಣ್ಣ ಘಟಕಗಳಿಗೆ 2006ರ ಕಾಯಿದೆಯೊಂದು ಸ್ವಲ್ಪ ಆಸರೆಯಾಗಿದೆ. ನೋಂದಾಯಿತ ಘಟಕಕ್ಕೆ ಕೊಳ್ಳುವವರು ಹೆಚ್ಚೆಂದರೆ 45 ದಿನದೊಳಗೆ ಹಣ ಕೊಡಬೇಕು. ತಪ್ಪಿದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ.

ಅಮೆರಿಕದವರು ಬೇರೆ ದಾರಿ ಹಿಡಿದರು. ವಾಷಿಂಗ್ಟನ್ ನಗರ ತಲೆಯೆತ್ತುತ್ತಿದ್ದ 1791ರಲ್ಲಿ ಮೇರಿಲ್ಯಾಂಡ್ ಶಾಸನಸಭೆ, ಕಟ್ಟಿದವರ ಬಾಕಿಗೆ ಕಟ್ಟಡ ಮತ್ತು ಅದು ನಿಂತ ನೆಲವೇ ಹೊಣೆ ಎಂದಿತು. ಇಂದು ಅಲ್ಲಿನ ಎಲ್ಲ ರಾಜ್ಯಗಳಲ್ಲೂ ಇಂಥ ಕಾಯಿದೆಯಿದ್ದು, ಸಾಮಾನು ಒದಗಿಸಿದವರಿಗೂ ಅದು ಅನ್ವಯಿಸುತ್ತದೆ. ಆದರೆ ಕಂಟ್ರಾಕ್ಟರು ಅಂಗಡಿಗೆ ಕೈಕೊಟ್ಟರೆ, ಅವರಿಗೆ ಪೂರ್ತಿ ಕೊಟ್ಟ ಮನೆಯವರೇ ಎಷ್ಟೋ ಕಡೆ ಎರಡನೆಯ ಸಲ ತೆರಬೇಕಾಗುತ್ತದೆ. ಇದೂ ಅಷ್ಟೇನೂ ನ್ಯಾಯವಲ್ಲ.

ನಮ್ಮಲ್ಲಿ ಕೊಂಡವರು ಯಾರೋ ಅವರೇ ಹೊಣೆ. ಹಾಗಾಗಿ ಕೋರ್ಟಿನಲ್ಲಿ ಮೊದಲು ಏಳುವ ಪ್ರಶ್ನೆ, ಕೊಂಡವರು ಕಂಟ್ರಾಕ್ಟರೋ ಮನೆಯವರೋ ಎಂಬುದು. ಬಿಲ್ಲು ಯಾರ ಹೆಸರಿನಲ್ಲಿದೆ, ಡೆಲಿವರಿ ಚೀಟಿಗೆ ಸಹಿ ಹಾಕಿದವರು ಯಾರು, ಯಾರ ಪರವಾಗಿ ಎಂಬುದೆಲ್ಲ ಆಗ ಹೊರಬರುತ್ತದೆ. ಅಪ್ಪ ಆಫೀಸಿಗೆ ಹೋದ ಹೊತ್ತಿನಲ್ಲಿ ಲಾರಿಯವರು ಚೀಟಿ ಮುಂದೊಡ್ಡಿದರೆ, ಕಾಲೇಜು ಓದುವ ಮಕ್ಕಳು ಮೂಟೆ ಎಣಿಸಿ, ಮೇಲೆ ಬರೆದ ಹೆಸರು ಯಾರದೆಂದು ಓದಿ, ಆಮೇಲೆ ಪೆನ್ನು ತೆಗೆಯಲಿ.