ಒಂದೇ ರಸ, ಎರಡು ಬಿಯರ್

ಬವೇರಿಯಾದಲ್ಲಿ 1516ರಲ್ಲಿ ಒಂದು ರಾಜಾಜ್ಞೆ ಹೊರಟಿತು. ಬಾರ್ಲಿ, ಹಾಪ್ಸ್ ಮತ್ತು ನೀರು, ಈ ಮೂರನ್ನು ಬಿಟ್ಟು ಬಿಯರಿಗೆ ಬೇರೇನನ್ನೂ ಹಾಕಕೂಡದು ಎಂಬುದು ಅದರ ಸಾರ. ನಾಲ್ಕನೆಯದಾದ ಯೀಸ್ಟಿನ ಹೆಸರೇ ಅದರಲ್ಲಿರಲಿಲ್ಲ. ಹುದುಗಿಸುವ ಕೆಲಸವನ್ನು ಒಂದು ಜೀವಿ ಮಾಡುತ್ತದೆಂಬುದು ಆಗ ಯಾರಿಗೂ ತಿಳಿದಿರಲಿಲ್ಲ.

ಅಮೆರಿಕದಲ್ಲಿ 1978ರ ಕಾನೂನು ಮನೆಬಳಕೆಗಾಗಿ ಬಿಯರ್ ತಯಾರಿಸಲು ಅವಕಾಶ ಕೊಟ್ಟಿತು. ಬ್ರಿಟನ್ನಿನಲ್ಲಿ 1963ರಲ್ಲೇ ಅದಕ್ಕೆ ಪರವಾನಗಿ ಬೇಡವಾಗಿತ್ತು. ಅಲ್ಲಿನ ಹವ್ಯಾಸಿಗಳ ಅಡುಗೆಮನೆಗಳು ಈಗ ಸಣ್ಣ ಪ್ರಯೋಗಶಾಲೆಗಳೇ ಆಗಿವೆ.

ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನು ಒಡೆದು, ಸುಮಾರು 65 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ ಒಂದು ಗಂಟೆ ನೆನೆಸುತ್ತಾರೆ. ಮೊಳಕೆಯಲ್ಲಿರುವ ಕಿಣ್ವಗಳು ಪಿಷ್ಟವನ್ನು ಸಕ್ಕರೆಯಾಗಿ ಒಡೆಯುತ್ತವೆ. ಮೊಳಕೆ ರಾಗಿಯ ಮಾಲ್ಟ್ ಸಿಹಿಯಾಗುವುದೂ ಇಂಥ ಕಿಣ್ವಗಳಿಂದಲೇ. ಸೋಸಿದ ಸಿಹಿರಸವನ್ನು ಹಾಪ್ಸ್ ಜೊತೆ ಕುದಿಸುತ್ತಾರೆ. ಹಾಪ್ಸ್ ಎಂದರೆ ಗಾಂಜಾ ಗಿಡದ ಕುಟುಂಬಕ್ಕೆ ಸೇರಿದ ಒಂದು ಬಳ್ಳಿಯ ಹೆಣ್ಣು ಹೂಗಳು. ಇವನ್ನು ಕುದಿಯ ಆರಂಭದಲ್ಲಿ ಹಾಕಿದರೆ ಅವುಗಳ ಆಮ್ಲಗಳು ರೂಪ ಬದಲಿಸಿ ಕಹಿ ಕೊಡುತ್ತವೆ. ಸುವಾಸನೆಯ ತೈಲ ಮಾತ್ರ ಆವಿಯಾಗಿ ಹೋಗುತ್ತದೆ. ಕೊನೆಯಲ್ಲಿ ಹಾಕಿದರೆ ಕಹಿ ಕಡಿಮೆ, ಪರಿಮಳ ಹೆಚ್ಚು. ಕೆಲವು ಬ್ಯಾಕ್ಟೀರಿಯಾಗಳನ್ನು ತಡೆಯುವ ಗುಣವೂ ಹಾಪ್ಸಿಗಿದೆ.

ತಣಿದ ರಸವನ್ನು ಎರಡು ಪಾತ್ರೆಗಳಿಗೆ ಹಂಚಿ, ಬೇರೆಬೇರೆ ಯೀಸ್ಟ್ ಹಾಕಿದರೆ ನಿಜವಾದ ಬೆರಗು. 20 ಡಿಗ್ರಿಯ ಆಸುಪಾಸಿನಲ್ಲಿ ಜರ್ಮನಿಯ ಗೋಧಿ ಬಿಯರಿನ ಯೀಸ್ಟ್ ಬಾಳೆಹಣ್ಣು ಮತ್ತು ಲವಂಗದ ವಾಸನೆ ಹುಟ್ಟಿಸುತ್ತದೆ. ಬಾಳೆಹಣ್ಣನ್ನೂ ಹಾಕಿಲ್ಲ, ಲವಂಗವನ್ನೂ ಹಾಕಿಲ್ಲ! ಬಾಳೆಯ ವಾಸನೆಗೆ ಕಾರಣ ಐಸೋಅಮೈಲ್ ಅಸಿಟೇಟ್ ಎಂಬ ಎಸ್ಟರ್. 10 ಡಿಗ್ರಿಯ ತಂಪಿನಲ್ಲಿ ಲಾಗರ್ ಯೀಸ್ಟ್ ನಿಧಾನವಾಗಿ ದುಡಿದು ಅಂಥ ವಾಸನೆಯಿಲ್ಲದ ತಿಳಿ ಬಿಯರ್ ಕೊಡುತ್ತದೆ.

ಅಜಾಗರೂಕತೆಗೆ ಇಲ್ಲಿ ಶಿಕ್ಷೆಯೂ ಉಂಟು. ರಸದ ಸಾಪೇಕ್ಷ ಸಾಂದ್ರತೆ 1.050ರಿಂದ 1.010ಕ್ಕೆ ಇಳಿದರೆ ಸುಮಾರು ಶೇ. 5ರಷ್ಟು ಮದ್ಯಸಾರ ಆಗಿದೆಯೆಂದು ಲೆಕ್ಕ. ಹೈಡ್ರಾಮೀಟರ್ ನೋಡದೆ ಆತುರದಿಂದ ಸೀಸೆಗೆ ತುಂಬಿದರೆ ಉಳಿದ ಸಕ್ಕರೆ ಒಳಗೇ ಹುದುಗಿ, ಇಂಗಾಲದ ಡೈ ಆಕ್ಸೈಡಿನ ಒತ್ತಡಕ್ಕೆ ಗಾಜು ಸಿಡಿಯಬಹುದು. ಪಾತ್ರೆ ಶುಚಿಯಿಲ್ಲದಿದ್ದರೆ ಇಡೀ ರಸ ಹುಳಿಯಾಗುತ್ತದೆ.

ದೊಡ್ಡ ಕಾರ್ಖಾನೆಗಳಿಗೂ ಈ ಕಷ್ಟ ತಪ್ಪಿರಲಿಲ್ಲ. ಡೆನ್ಮಾರ್ಕಿನ ಕಾರ್ಲ್ಸ್‌ಬರ್ಗ್ ಬಿಯರ್ ಕೆಟ್ಟಾಗ, ಅಲ್ಲಿನ ಪ್ರಯೋಗಾಲಯದ ಎಮಿಲ್ ಕ್ರಿಸ್ಟಿಯನ್ ಹ್ಯಾನ್ಸನ್ ಒಳ್ಳೆಯ ಯೀಸ್ಟಿನೊಳಗೆ ಕಾಡು ಯೀಸ್ಟ್ ಬೆರೆತಿರುವುದನ್ನು ಪತ್ತೆಹಚ್ಚಿದ. 1883ರಲ್ಲಿ ಒಂದೇ ಒಂದು ಜೀವಕೋಶದಿಂದ ಶುದ್ಧ ಯೀಸ್ಟನ್ನು ಬೆಳೆಸಿದ. ಗುಟ್ಟಾಗಿಟ್ಟಿದ್ದರೆ ಮಾಲೀಕ ಜೇಕಬ್ಸನ್‌ಗೆ ಅಪಾರ ಲಾಭವಿತ್ತು. ಆತ ಹಾಗೆ ಮಾಡದೆ ಪ್ರತಿಸ್ಪರ್ಧಿಗಳಿಗೂ ಅದನ್ನು ಹಂಚಿದ. ಈ ಲಾಗರ್ ಯೀಸ್ಟ್ ಎರಡು ಪ್ರಭೇದಗಳ ಮಿಶ್ರತಳಿ. ಇದರ ಪೂರ್ವಜರಲ್ಲೊಂದು ದಕ್ಷಿಣ ಅಮೆರಿಕದ ಪ್ಯಾಟಗೋನಿಯಾ ಕಾಡಿನ ಮರಗಳ ಮೇಲೆ ಸಿಕ್ಕಿದ ಸುದ್ದಿ ಪ್ರಕಟವಾದದ್ದು 2011ರಲ್ಲಿ.

ಕರ್ನಾಟಕದಲ್ಲಿ 1965ರ ಅಬಕಾರಿ ಕಾಯಿದೆಯಂತೆ ಪರವಾನಗಿಯಿಲ್ಲದೆ ಬಿಯರ್ ತಯಾರಿಸುವುದು ಅಪರಾಧ. ಆದರೆ ಯೀಸ್ಟಿನ ಸ್ವಭಾವ ತಿಳಿಯಲು ಬಿಯರೇ ಬೇಕಿಲ್ಲ. ಎರಡು ಪ್ಲಾಸ್ಟಿಕ್ ಸೀಸೆಗಳಲ್ಲಿ ಅರ್ಧ ಲೋಟ ನೀರು, ಎರಡೆರಡು ಚಮಚ ಸಕ್ಕರೆ, ಒಂದೊಂದು ಚಮಚ ಬ್ರೆಡ್ ಯೀಸ್ಟ್ ಹಾಕಿ, ಬಾಯಿಗೆ ಬಲೂನು ಸಿಕ್ಕಿಸಿ. ಒಂದನ್ನು ಉಗುರುಬೆಚ್ಚಗಿನ ನೀರಿನಲ್ಲಿಡಿ, ಇನ್ನೊಂದನ್ನು ಮಂಜುಗಡ್ಡೆಯ ನೀರಿನಲ್ಲಿ. ಯಾವ ಬಲೂನು ಮೊದಲು ಎದ್ದು ನಿಲ್ಲುತ್ತದೆ, ಏಕೆ ಎಂಬುದನ್ನು ಮಕ್ಕಳೇ ಹೇಳಲಿ.